ಮೂರನೆಯ ನುಡಿ

ಆಗಸ್ಟ್ 4, 2024, ಭಾನುವಾರ

ಇವತ್ತೂ ಗದ್ವಾಲಿಗೆ ಹೋಗಿ ಬಂದೆ. ಜೂರಾಲ ಆಣೆಕಟ್ಟಿನ ಗೇಟು ತೆಗೆದಿದ್ದಾರೆ, ನೋಡಲು ಜನವೋ ಜನ. ಬಸ್ಸು ಸೇತುವೆಯ ಮೇಲೆ ತೆವಳಿತು. ಹುರಿದ ಮೀನಿನ ವಾಸನೆಗೆ ಮಕ್ತಲದ ಜಂಗಮರ ಮಗಳಾದ ನಾನು ಮೂಗು ಮುಚ್ಚಿಕೊಂಡೇ ಕೃಷ್ಣೆಯನ್ನು ದಾಟಿದೆ. ಅರಬ್ಬಿ ಹಾಡುವವಳಿಗೆ ಮೀನಿನ ವಾಸನೆ ಆಗದು ಎಂದು ನಮ್ಮ ಬ್ಯಾಂಡಿನ ಸುನಿಲ ಸಿಕ್ಕಾಗಲೆಲ್ಲ ನಗುತ್ತಾನೆ. ನಗಲಿ, ಅವನ ಹಲ್ಲು ಅವನದು.

ಹೊರಡುವಾಗ ಅವ್ವನ ಮಂಗಳಾರತಿ ಆಗಿತ್ತು. "ವಾರೆಲ್ಲಾ ಸಾಲ್ಯಾಗ ಕನ್ನಡ ಕಲಿಸ್ತಿ. ಆಯ್ತವಾರ ಬಂತಂದ್ರ ಸಾಬರ ಮನ್ಯಾಗ ಅರಬ್ಬಿ ಒದರ್ತಿ. ನಿನ್ನ ಮಗಳು ಏನ್ ಮಾಡ್ತಾಳ ಗುರಮ್ಮ ಅಂತ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?"

"ಹಾಡ್ತಾಳ ಅನ್ನು."

"ಹಾಡ್ತಾಳ ಅಂದ್ರ, ಯಾರ ಮನಿ ಹಾಡು ಅಂತಾರ."

ಅದನ್ನೇ ಅಲ್ಲವೇ ಬ್ಯಾಂಡಿನ ನಾವು ನಾಲ್ವರೂ ಹುಡುಕುತ್ತಿರುವುದು! ಗಡಿಯೂರಿನ ನಾನು ರಾಯಚೂರಿಗೆ ಹೋದರೆ ತೆಲಂಗಾಣದವಳು, ಹೈದರಾಬಾದಿಗೆ ಹೋದರೆ ಕರ್ನಾಟಕದವಳು. ಸಾಲೇಹನದು ಇನ್ನೂ ಮಜ. ಅವನ ಮುತ್ತಜ್ಜನ ಅಪ್ಪ ಗದ್ವಾಲ ಸಂಸ್ಥಾನದ ಕೋಟೆ ಕಾಯಲು ಯೆಮನ್ನಿನಿಂದ ಬಂದ ಅರಬ. ಇವನು ಮಾತ್ರ ಹೈದರಾಬಾದು ದಾಟಿ ಆಚೆ ಹೋದವನಲ್ಲ. ಕನ್ನಡ ಕಲಿತದ್ದು ನಮ್ಮಿಂದ, ಅರಬ್ಬಿ ಕಲಿತದ್ದು ಯೂಟ್ಯೂಬಿನಲ್ಲಿ, ಊದ್ ಎಂಬ ಅರಬ್ಬಿ ತಂತಿವಾದ್ಯ ಬಾರಿಸಲು ಕಲಿತದ್ದೂ ಅಲ್ಲೇ. ನಮ್ಮ ರಾಕ್ ಬ್ಯಾಂಡಿನ ಹೆಸರು ಮರ್ಫಾ ಮಠ. ಮರ್ಫಾ ಎಂದರೆ ಅವರ ಮದುವೆಗಳಲ್ಲಿ ಬಡಿಯುವ ಅರಬ್ಬಿ ನಗಾರಿ, ಮಠ ನನ್ನ ಪಾಲು. ಸುನಿಲನ ಗಿಟಾರು, ವಡ್ಡೆಪಲ್ಲಿ ಶ್ರೀನಿವಾಸುಲುವಿನ ಡ್ರಮ್ಮು. ಅರಬ್ಬಿ ಪದಕ್ಕೆ ತತ್ವಪದದ ಧಾಟಿ, ಅದಕ್ಕೆ ಗಿಟಾರಿನ ಗುಡುಗು. ಕೇಳಿದವರು ಹೊಸದು ಎನ್ನುತ್ತಾರೆ. ನನಗೆ ಮಾತ್ರ ಇತ್ತೀಚೆಗೆ ಎಲ್ಲವೂ ಎರವಲು ಎನಿಸುತ್ತದೆ. ಸಾಲೇಹನ ಅರಬ್ಬಿಯೆಲ್ಲ ಇಂಟರ್ನೆಟ್ಟಿನದು, ಅದರಲ್ಲಿ ಮನೆಯ ವಾಸನೆಯಿಲ್ಲ.

ಅದಕ್ಕೇ ಇವತ್ತಿನದು ಬರೆಯಬೇಕು. ಸಾಲೇಹನ ಮನೆಯಲ್ಲಿ ರಿಹರ್ಸಲ್ ನಡುವೆ ನೀರು ಕುಡಿಯಲೆಂದು ಒಳಕೋಣೆಗೆ ಹೋದೆ. ಸಾಲೇಹನ ಅಜ್ಜಿ ಚವಳಿಕಾಯಿ ಸೋಸುತ್ತ ಏನೋ ಗುನುಗುತ್ತಿದ್ದರು. ಆ ಮನೆಯಲ್ಲಿ ಅಜ್ಜಿಗೆ ಹಬ್ಬಾಬಾ ಎನ್ನುತ್ತಾರೆ. ಗುನುಗುತ್ತಿದ್ದದ್ದು ಅರಬ್ಬಿ ಪದ, ಆದರೆ ನಾನು ಎಲ್ಲಿಯೂ ಕೇಳದ ಮಟ್ಟು. ನನ್ನನ್ನು ಕಂಡು ನಿಲ್ಲಿಸಿದರು.

"ಯಾವೂರಾಕಿ?" ಎಂದರು, ಕನ್ನಡದಲ್ಲಿ!

"ಮಕ್ತಲ್ರೀ."

"ಅಯ್ಯ ನನ ಕೂಸ, ಕನ್ನಡದಾಕಿ ಅಂತ ಮದ್ಲ ಹೇಳಬಾರ್ದಾ? ನಾ ರಾಯಚೂರು ಕೋಟಿ ಒಳಗಿನ ಅಂದ್ರೂನ್ ಕಿಲ್ಲಾದಾಕಿ. ಇಲ್ಲಿಗೆ ಸೊಸಿಯಾಗಿ ಬಂದಾಗಿಂದ ಉರ್ದು ಆತು, ತೆಲುಗು ಆತು, ಬಾಯಾಗಿನ ಕನ್ನಡ ತುಕ್ಕು ಹಿಡೀತು ನೋಡು. ಕುಂದ್ರು ಬೇಟಿ, ಏನರ ಮಾತಾಡು."

ಕೈ ಹಿಡಿದು ಕೂರಿಸಿಕೊಂಡರು. ಹೊರಗೆ ಸುನಿಲ ಗಿಟಾರಿನ ತಂತಿ ಕಿತ್ತುಹೋಗುವಷ್ಟು ಬಾರಿಸುತ್ತ ನನ್ನನ್ನು ಕರೆಯುತ್ತಿದ್ದ.

ಆಗಸ್ಟ್ 11, ಭಾನುವಾರ

ಸಿಕ್ಕಿತು!

ಹಬ್ಬಾಬಾ ಆ ಪದದ ಎರಡು ನುಡಿ ಹಾಡಿದರು. ಅವರ ಅತ್ತೆಯಿಂದ ಬಂದದ್ದು, ಆ ಅತ್ತೆಗೆ ಅವರ ಅತ್ತೆಯಿಂದ. ಮದುಮಗಳನ್ನು ಕಳಿಸಿಕೊಡುವ ದಿನ ಒಳಕೋಣೆಯ ಚಿಲಕ ಹಾಕಿಕೊಂಡು, ತೊಡೆಯ ಮೇಲೆ ತಮಟೆಯಂಥ ದಫ್ ಇಟ್ಟುಕೊಂಡು ಹೆಂಗಸರಷ್ಟೇ ಹಾಡಿಕೊಳ್ಳುವುದು. ಗಂಡಸರ ಕಿವಿಗೆ ಬೀಳಬಾರದಂತೆ. ಕಟ್ಟಿಕೊಂಡ ಗಂಡನಿಗೂ ಕೇಳಿಸಿಲ್ಲವಂತೆ, ಪಾಪ.

"ಮೂರನೇದು?" ಎಂದೆ.

"ಅದು ಈಗ ಬರಂಗಿಲ್ಲ. ಅದರಾಗ ಹುಡುಗಿ ಹೆಸರು ಬರ್ತದ. ಮದುಮಗಳು ಎದುರಿಗೆ ಕುಂತಿರಬೇಕು, ಆವಾಗ ಬಾಯಿ ಬಿಡಬೇಕು. ಸುಮ್ ಸುಮ್ಕ ಆ ನುಡಿ ಹಾಡಬಾರ್ದು."

"ಗುನುಗಿದ್ರೂ ನಡೀತದ, ಮಟ್ಟು ಗೊತ್ತಾದ್ರ ಸಾಕು."

"ನಕೋ ಬೇಟಿ. ಚಳಿಗಾಲಕ್ಕ ನುಸೈಬಾನ ಲಗ್ನ ಐತಲ್ಲ, ಆವತ್ತು ನನ್ನ ಬಾಜೂಕ ಕುಂದ್ರು. ನಿನ್ನ ಕಿವಿ ಚಲೋ ಐತಿ, ಒಮ್ಮೆ ಕೇಳಿದ್ರ ಬಂತು. ನನ್ನ ಸೊಸಿ ಫೌಜಿಯಾಗ ದಫ್ ಬರ್ತದ, ಪದ ಹತ್ತಲಿಲ್ಲ. ನಾ ಹೋದ್ರ ಇದೂ ಹೋಗ್ತದ. ನೀ ಹಿಡ್ಕೋ."

ನುಸೈಬಾ ಸಾಲೇಹನ ತಂಗಿ. ಅವಳ ಮದುವೆಯ ತನಕ ಕಾಯುವಷ್ಟು ತಾಳ್ಮೆ ನನಗೆಲ್ಲಿ? ಫೋನನ್ನು ಓಢಣಿಯ ಕೆಳಗೆ ಇಟ್ಟುಕೊಂಡಿದ್ದೆ, ಎರಡೂ ನುಡಿ ಚೊಕ್ಕವಾಗಿ ಬಂದಿವೆ. ಎಲ್ಲೋ ಒಂದು ಕಡೆ ಹುಂಜ ಕೂಗಿದ್ದು ಬಿಟ್ಟರೆ ಸ್ಟುಡಿಯೋದಲ್ಲಿ ಮಾಡಿದ ಹಾಗಿದೆ. ಮುದುಕಿಯ ನೇಮ ಮುದುಕಿಗಿರಲಿ. ಮಣ್ಣಾಗಿ ಹೋಗುವುದನ್ನು ಉಳಿಸಿಕೊಂಡರೆ ತಪ್ಪೇನು?

ಆಗಸ್ಟ್ 25, ಭಾನುವಾರ

ರೆಕಾರ್ಡಿಂಗ್ ಎಲ್ಲರಿಗೂ ಕೇಳಿಸಿದೆ. ಶ್ರೀನಿವಾಸುಲು "ವಾಮ್ಮೋ" ಎಂದ. ಸುನಿಲ ಆಗಲೇ ತಾಳ ಹುಡುಕತೊಡಗಿದ್ದ. ಸಾಲೇಹ್ ಮಾತ್ರ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

"ಇದು ನಮ್ಮ ಹಬ್ಬಾಬಾನ ದನಿ ಏನು?" ಎಂದ. "ಹುಟ್ಟಿದಾಗಿಂದ ಇದೇ ಮನ್ಯಾಗ ಇದೀನಿ ಗಂಗಾ. ಈ ಗ್ವಾಡಿ ಆಕಡಿ ಇತ್ತು ಇದು. ನಾ ಯಾರ‍್ಯಾರನ್ನೋ ಅರಬ್ಬಿ ಕಲಿಸ್ರಿ ಅಂತ ಬೇಡ್ಕೊಂಡೆ. ನನ್ನ ಮನ್ಯಾಗೇ ಇದ್ದದ್ದು ನನಗೇ ಇಲ್ಲಂದ್ರ ಹೆಂಗ?"

ಕಣ್ಣು ಒರೆಸಿಕೊಂಡು ಊದ್ ಎತ್ತಿಕೊಂಡ. ಅವನು ಹಾಗೆ ಬಾರಿಸಿದ್ದನ್ನು ನಾನು ಹಿಂದೆ ಕೇಳಿಲ್ಲ. ಇದನ್ನು ಹಾಡಲೇಬೇಕು ಎಂದ. ಹಬ್ಬಾಬಾಗೆ ಹೇಳುವುದು ಬೇಡ, ಹೈದರಾಬಾದಿನ ಕಾರ್ಯಕ್ರಮ ಅವರಿಗೆ ಹೇಗೆ ಗೊತ್ತಾಗಬೇಕು ಎಂದವಳು ನಾನೇ.

ಸೆಪ್ಟೆಂಬರ್ 8, ಭಾನುವಾರ

ಹಬ್ಬಾಬಾ ಮೂರನೆಯ ನುಡಿ ಬಿಟ್ಟುಕೊಡಲಿಲ್ಲ. ಪುಸಲಾಯಿಸಿದೆ, ಮುನಿಸಿಕೊಂಡೆ, ಮಕ್ತಲದ ಹುರಿಗಡಲೆ ಉಂಡಿ ಒಯ್ದು ಕೊಟ್ಟೆ. ಉಂಡಿ ತಿಂದರು. "ಲಗ್ನದಾಗ" ಎಂದರು.

ಹಾಗಾದರೆ ನಾನೇ ಕಟ್ಟಿಬಿಡುತ್ತೇನೆ, ಕನ್ನಡದಲ್ಲಿ. ಬ್ಯಾಂಡಿನ ಹೆಸರಿಗೂ ಅದೇ ಒಪ್ಪುತ್ತದೆ. ಬಸ್ಸಿನಲ್ಲೇ ನಾಲ್ಕು ಸಾಲು ಕೂಡಿಸಿದೆ. ಹೊಳೆ ದಾಟಿ ಹೋಗುವ ಹುಡುಗಿ, ಅವಳ ಹೆಸರು ಹಿಡಿದು ಕೂಗುವ ದಂಡೆ, ಹೀಗೆ. ಯಾವ ಹೆಸರು ಹಾಕಲಿ ಎಂದರೆ ಸುನಿಲ "ನಿಂದೇ ಹಾಕು" ಎಂದ. ಗಂಗಾ ಎಂಬುದು ಮಟ್ಟಿಗೆ ಸರಿಯಾಗಿ ಕೂತಿತು.

ಸೆಪ್ಟೆಂಬರ್ 22, ಭಾನುವಾರ

ನಿನ್ನೆ ಹೈದರಾಬಾದಿನಲ್ಲಿ ಕಾರ್ಯಕ್ರಮ. ಎರಡು ನುಡಿ ಮುಗಿಯುವ ಹೊತ್ತಿಗೆ ಸಭಾಂಗಣದಲ್ಲಿ ಒಬ್ಬರೂ ಕೂತಿರಲಿಲ್ಲ. ಮೂರನೆಯದಕ್ಕೆ ಕನ್ನಡ ಬಂದಾಗ ಅರ್ಥವಾಗದವರೂ ಗಂಗಾ, ಗಂಗಾ ಎಂದು ಕೂಗಿದರು. ಸಾಲೇಹ್ ವೇದಿಕೆಯ ಮೇಲೆ ಅತ್ತ. ವಿಡಿಯೋ ಆಗಲೇ ಊರೂರು ತಿರುಗುತ್ತಿದೆ. ಬೆಂಗಳೂರಿನಿಂದ, ಕೊಚ್ಚಿಯಿಂದ ಕರೆ. ನಿದ್ದೆಯೇ ಬರುತ್ತಿಲ್ಲ, ಇಂಥ ನಿದ್ದೆಗೇಡು ದಿನಾ ಇರಲಿ.

ಅವ್ವ ವಿಡಿಯೋ ನೋಡಿ, "ದನಿ ಚಲೋ ಐತಿ, ಕೂದ್ಲ ಕಟ್ಕೋಬೇಕಿತ್ತು" ಎಂದಳು. ಅವಳ ಬಾಯಿಂದ ಇಷ್ಟು ಬಂದರೆ ಪ್ರಶಸ್ತಿ ಸಿಕ್ಕ ಹಾಗೆ.

ಸೆಪ್ಟೆಂಬರ್ 29, ಭಾನುವಾರ

ಹಬ್ಬಾಬಾಗೆ ಗೊತ್ತಾಯಿತು. ನುಸೈಬಾಳೇ ಖುಷಿಯಿಂದ ಫೋನಿನಲ್ಲಿ ತೋರಿಸಿದಳಂತೆ: ನೋಡು, ಅಣ್ಣ ಹೇಗೆ ಬಾರಿಸಿದ್ದಾನೆ, ಗಂಗಕ್ಕ ಹೇಗೆ ಹಾಡಿದ್ದಾಳೆ. ಆ ಹುಡುಗಿಗೆ ಈ ನೇಮಗಳೊಂದೂ ಗೊತ್ತಿಲ್ಲ. ತನ್ನ ಮದುವೆಯ ದಿನ ಹಾಡಬೇಕಾದ ಪದ ಅದು ಎಂಬುದೂ ಗೊತ್ತಿರಲಿಲ್ಲ.

ನಾನು ಹೋದಾಗ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳೋಣ ಎಂದು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ.

"ಮೂರನೇದು ಏನು ಹಾಡಿದಿ?"

"ನಾನೇ ಕಟ್ಟಿದೆರೀ. ಕನ್ನಡದಾಗ."

"ಯಾರ ಹೆಸರು ಹಾಕಿದಿ?"

"ನಂದು."

"ನಿನ್ನ ಯಾರು ಕಳಿಸಿಕೊಟ್ರು ಬೇಟಿ? ಯಾವ ತಾಯಿ ಅತ್ತಳು? ನೀ ಎಲ್ಲಿಗೆ ಹೋದಿ?"

ಇದು ಕಲೆ, ಉಳಿಸಬೇಕು, ಅಂತೆಲ್ಲ ವೇದಿಕೆಯ ಮೇಲೆ ನಿರರ್ಗಳವಾಗಿ ಹೇಳುತ್ತೇನೆ. ಅಲ್ಲಿ ಒಂದೂ ಹೊಳೆಯಲಿಲ್ಲ.

"ನಂದೂ ಇತ್ತು ಅದರಾಗ," ಎಂದರು. "ಕಳಿಸಾಕ ತಾಯಿ ಇಲ್ಲಂತ ನನ್ನತ್ತೀನ ನನ್ನ ಹೆಸರಿಟ್ಟು ಹಾಡಿದ್ಳು. ಪರದೇಶಿ ಹುಡುಗಿ, ರಾಯಚೂರಾಗ ತಾಯಿ ಸತ್ತು ಬಂದಿದ್ದೆ. ಮರಿಯಂ ಅಂತ ಅಂದ್ಳು, ಆವಾಗ ಈ ಮನಿಯಾಕಿ ಆದೆ. ನೀ ಅದನ್ನ ಬಜಾರಿಗೆ ಇಟ್ಟಿ."

ನಾನು ಸಾಲೇಹನ ಹೆಸರು ತೆಗೆಯಲಿಲ್ಲ. ಅವನೂ ಬಾಗಿಲ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ. ಹಬ್ಬಾಬಾ ಗೋಡೆಯ ಕಡೆ ಹೊರಳಿ ಮಲಗಿದರು.

ಅಕ್ಟೋಬರ್ 1, ಮಂಗಳವಾರ

ಶಾಲೆಯಲ್ಲಿ ಮಕ್ಕಳು ಗಂಗಾ ಗಂಗಾ ಎಂದು ಆ ಹಾಡು ಹಾಡಿದರು. ಗದರಿಸಿ ಕೂರಿಸಿದೆ. ಅವರಿಗೇನು ಗೊತ್ತು, ಪಾಪ.

ಅಕ್ಟೋಬರ್ 7, ಸೋಮವಾರ

ದಸರೆ ರಜೆ. ಗದ್ವಾಲಿಗೆ ಹೋದೆ. ಹೋದದ್ದು ಮೂರನೆಯ ನುಡಿಗಾಗಿಯೇ, ಸುಳ್ಳು ಯಾಕೆ ಬರೆಯಲಿ. ಹಬ್ಬಾಬಾಗೆ ವಯಸ್ಸಾಯಿತು, ಕೆಮ್ಮು ಜೋರಾಗಿದೆ. ಅದು ಅವರೊಂದಿಗೆ ಮಣ್ಣಿಗೆ ಹೋದರೆ ನುಸೈಬಾಳ ಮದುವೆಯಲ್ಲಿ ಹಾಡುವವರು ಯಾರು?

ಫೋನನ್ನು ಅವರ ಕಣ್ಣೆದುರೇ ನುಸೈಬಾಳ ಕೈಗೆ ಕೊಟ್ಟು ಒಳಗೆ ಹೋದೆ. ನೋಡಿದರು, ಮಾತಾಡಲಿಲ್ಲ. ಎದುರಿಗೆ ಕೂತು ಬಂದೆ.

ಅಕ್ಟೋಬರ್ 10, ಗುರುವಾರ

ಕೂತು ಬಂದೆ. "ಬಸ್ಸು ತಪ್ಪೀತು, ಹೋಗು" ಎಂದರು. ಅಷ್ಟಾದರೂ ಬಂತಲ್ಲ.

ಅಕ್ಟೋಬರ್ 20, ಭಾನುವಾರ

ಇವತ್ತು ರಿಹರ್ಸಲ್ ಇತ್ತು, ಹೋದ ಮೇಲೆ ಮರೆತೇ ಹೋಯಿತು. ಸಾಲೇಹನ ತಾಯಿ ಫೌಜಿಯಾ ಅಮ್ಮನಿಗೆ ಮದುವೆಯ ಓಡಾಟ. ಹಬ್ಬಾಬಾರ ತಲೆಗೆ ಎಣ್ಣೆ ಹಚ್ಚಿ ಬಾಚುವವರಿಲ್ಲದೆ ಕೂದಲು ಜಡೆಗಟ್ಟಿತ್ತು. ಕೊಬ್ಬರಿ ಎಣ್ಣೆ ಕಾಯಿಸಿ ಹಚ್ಚಿದೆ. ಹಚ್ಚುವಾಗ ಅವರೇ ಮಾತು ತೆಗೆದರು. ರಾಯಚೂರಿನ ಮನೆಯ ಹಿತ್ತಲಿನಲ್ಲಿ ಬೇವಿನ ಮರ ಇತ್ತಂತೆ, ಪಕ್ಕದ ಮನೆಯ ಮಹಾಂತಮ್ಮ ಎಂಬ ಗೆಳತಿ ಇದ್ದಳಂತೆ. ಇಬ್ಬರೂ ಒಂದೇ ಜೋಕಾಲಿ ಜೀಕುತ್ತಿದ್ದರಂತೆ. ಮಹಾಂತಮ್ಮ ಸತ್ತ ಸುದ್ದಿ ಬಂದಾಗ ಯಾರೊಂದಿಗೆ ಅಳಬೇಕು ಎಂದು ತಿಳಿಯಲಿಲ್ಲವಂತೆ, ಈ ಮನೆಯಲ್ಲಿ ಅವಳನ್ನು ಕಂಡವರೇ ಇರಲಿಲ್ಲ.

"ನೀ ಆವಾಗ ಇದ್ದಿದ್ರ ನಿನ್ನ ಕೂಡ ಅಳ್ತಿದ್ದೆ" ಎಂದರು.

ಪದದ ಮಾತು ಬರಲಿಲ್ಲ. ಸುನಿಲ ಐದಾರು ಸಲ ಫೋನ್ ಮಾಡಿದ್ದಾನೆ.

ನವೆಂಬರ್ 3, ಭಾನುವಾರ

ಸುನಿಲನೊಂದಿಗೆ ಜಗಳ. ಕೊಚ್ಚಿಯ ಕಾರ್ಯಕ್ರಮದಲ್ಲಿ ಆ ಪದ ಬೇಕೇ ಬೇಕಂತೆ.

"ಅದು ನಮ್ಮದಲ್ಲೋ, ನಾ ಹೋಗಂಗಿಲ್ಲ" ಎಂದೆ.

"ಇಷ್ಟು ದಿನ ನಮ್ಮದಾಗಿತ್ತು, ಈಗ ಯಾಕ ಅಲ್ಲ? ನೀನೇ ತಂದಿ, ನೀನೇ ಹಾಡಿದಿ, ಹೆಸರೂ ನಿಂದೇ. ಒಂದು ಮುದುಕಿ ಮಾರಿ ತಿರುವಿದ್ಳಂತ ಎಲ್ಲಾರ ಹೊಟ್ಟಿ ಮ್ಯಾಲ ಹೊಡಿತಿ?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದಕ್ಕೇ ಮೈ ಉರಿಯಿತು. ಸಾಲೇಹನ ಕಡೆ ನೋಡಿದೆ. ಅವನು ಊದ್‌ನ ಕಿವಿ ಹಿಂಡುತ್ತ ಕೂತಿದ್ದ. "ನಾನೂ ಹೋಗಂಗಿಲ್ಲ" ಎಂದ, ಕೇಳಿಯೂ ಕೇಳದ ಹಾಗೆ. ಶ್ರೀನಿವಾಸುಲು ಡ್ರಮ್ಮಿಗೆ ಬಟ್ಟೆ ಮುಚ್ಚಿ ವಡ್ಡೆಪಲ್ಲಿ ಬಸ್ಸು ಹಿಡಿದ.

ಹಬ್ಬಾಬಾಗೆ ಅನ್ನ ಸೇರುತ್ತಿಲ್ಲ. ಜೋಳದ ಅಂಬಲಿ ಮಾಡಿ ಕೊಟ್ಟೆ, ಅರ್ಧ ಕುಡಿದರು. ಮುಂದಿನ ವಾರ ಮಜ್ಜಿಗೆ ಸ್ವಲ್ಪ ಹುಳಿ ಇರುವುದು ಒಯ್ಯಬೇಕು.

ನವೆಂಬರ್ 10, ಭಾನುವಾರ

ಮಜ್ಜಿಗೆ ಹಿಡಿಸಿತು. ಉಗುರು ಕತ್ತರಿಸಿದೆ. ಮಾತು ಈಗ ಕಡಿಮೆ, ಕನ್ನಡ ಮಾತ್ರ. ಫೌಜಿಯಾ ಅಮ್ಮ ಉರ್ದುವಿನಲ್ಲಿ ಕೇಳಿದ್ದಕ್ಕೂ ಕನ್ನಡದಲ್ಲೇ ಉತ್ತರ. ಅಮ್ಮನಿಗೆ ಕನ್ನಡ ಅರೆಬರೆ, ನಾನು ನಡುವೆ ಕೂತು ಹೇಳಬೇಕು. ಸಾಲೇಹ್ ಬಂದು ಕಾಲ ಬಳಿ ಕೂತು, "ಹಬ್ಬಾಬಾ, ಮಾಫ್ ಕರೋ" ಎಂದ. ಅವನ ತಲೆಯ ಮೇಲೆ ಕೈ ಇಟ್ಟರು. ನನ್ನ ಕಡೆ ನೋಡಲಿಲ್ಲ. ನನಗೆ ಅಳು ಬಂದು ಹಿತ್ತಲಿಗೆ ಹೋದೆ. ಅವನಿಗಿಂತ ಮೊದಲು ಕ್ಷಮೆ ಕೇಳಬೇಕಾದವಳು ನಾನು.

ನವೆಂಬರ್ 19, ಮಂಗಳವಾರ

ಹಬ್ಬಾಬಾ ತೀರಿಕೊಂಡರು. ಬೆಳಿಗ್ಗೆ ಪ್ರಾರ್ಥನೆಯ ಹಾಡು ನಡೆದಾಗ ನುಸೈಬಾಳ ಫೋನು. ಮಕ್ಕಳನ್ನು ಪಕ್ಕದ ತರಗತಿಗೆ ಕಳಿಸಿ ಬಸ್ಸು ಹತ್ತಿದೆ. ಜೂರಾಲದಲ್ಲಿ ಗೇಟು ಮುಚ್ಚಿವೆ, ಕೆಳಗೆ ಬರೀ ಬಂಡೆ.

ಹೆಂಗಸರು ಕೋಣೆಯಲ್ಲಿ ಹಬ್ಬಾಬಾರ ಮೈ ತೊಳೆಯುತ್ತಿದ್ದರು. ನಾನು ಪರದೆಯ ಹೊರಗೆ ನಿಂತೆ. ಫೌಜಿಯಾ ಅಮ್ಮ ಕೈ ಹೊರಗೆ ಚಾಚಿ, "ಗಂಗಾ, ನೀರು" ಎಂದರು. ಬಾವಿಯಿಂದ ಸೇದಿ ಸೇದಿ ಕೊಟ್ಟೆ. ಬಿಸಿನೀರಿನ ಜೊತೆ ಬೆರೆಸಿ, ಬಹಳ ಬಿಸಿ ಆಗದ ಹಾಗೆ ಮೊಣಕೈಯಿಂದ ಮುಟ್ಟಿ ನೋಡಿ ಕೊಟ್ಟೆ. ಅವರಿಗೆ ಬಿಸಿ ಆಗಿಬರುವುದಿಲ್ಲ.

ಸಂಜೆ ಸೀರೆ ಒದ್ದೆಯಿದ್ದದ್ದು ಅವ್ವ ನೋಡಿದಳು. ಬೈಯಲಿಲ್ಲ. "ಜಳಕ ಮಾಡು, ಉಣ್ಣು" ಎಂದಳು. ಉಂಡೆನೋ ಇಲ್ಲವೋ ನೆನಪಿಲ್ಲ. ಹೋದ ವಾರವಾದರೂ ಕೇಳಬೇಕಿತ್ತು, ತಪ್ಪಾಯಿತು ಎಂದು. ಒಂದು ಮಾತಿಗೆ ಏನು ಬಡತನ ಬಂದಿತ್ತು ನನಗೆ?

ಡಿಸೆಂಬರ್ 15, ಭಾನುವಾರ

ಮರ್ಫಾ ಮಠ ಕೊಚ್ಚಿಯಲ್ಲಿ ಹಾಡಿದೆ. ಸುನಿಲ ಹೈದರಾಬಾದಿನ ಶಿರಿಷಾ ಎಂಬವಳನ್ನು ಕೂಡಿಸಿಕೊಂಡಿದ್ದಾನೆ, ಊದ್ ಬಾರಿಸುವವನೂ ಬೇರೆ. ವಿಡಿಯೋ ನೋಡಿದೆ. ಎರಡು ನುಡಿ ಅರಬ್ಬಿ, ಮೂರನೆಯದು ನನ್ನ ಕನ್ನಡ, ಗಂಗಾ ಗಂಗಾ. ಆಕೆ ನನಗಿಂತ ಚೆನ್ನಾಗಿ ಹಾಡುತ್ತಾಳೆ. ತೆಗೆಯಿರಿ ಎಂದು ಸಾಲೇಹ್ ಬೇಡಿಕೊಂಡದ್ದಕ್ಕೆ ಸುನಿಲ, ಈಗ ಅದು ಎಲ್ಲರ ಫೋನಿನಲ್ಲೂ ಇದೆ, ಎಲ್ಲಿಂದ ತೆಗೆಯಲಿ ಎಂದನಂತೆ. ನನ್ನ ಫೋನಿನಲ್ಲಿದ್ದ ರೆಕಾರ್ಡಿಂಗ್ ಅಳಿಸಿದೆ. ಅದರಿಂದ ಏನೂ ಆಗುವುದಿಲ್ಲ, ಗೊತ್ತು.

ಸಾಲೇಹ್ ಗದ್ವಾಲ ಸ್ಟೇಷನ್ ಹತ್ತಿರ ಯಾರದೋ ಸೀರೆ ಅಂಗಡಿಯಲ್ಲಿ ಕೂರುತ್ತಿದ್ದಾನೆ. ಊದ್ ಕೇಳಿದರೆ, ಕೈ ಬರುತ್ತಿಲ್ಲ ಎಂದ.

ಜನವರಿ 12, 2025, ಭಾನುವಾರ

ನುಸೈಬಾಳ ಮದುವೆ ಆಯಿತು. ಅವ್ವ ತನ್ನ ಮದುವೆಯ ನಾರಾಯಣಪೇಟೆ ಸೀರೆ ಕೊಟ್ಟು, "ಉಟ್ಕೊಂಡು ಹೋಗು, ಅವರ ಮನ್ಯಾಗ ಹಿರಿಯಾಕಿ ಇಲ್ಲ ಈಗ" ಎಂದಳು.

ಕಳಿಸಿಕೊಡುವ ಹೊತ್ತಿಗೆ ಫೌಜಿಯಾ ಅಮ್ಮ ನನ್ನ ಮೊಣಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. ಕೋಣೆಯ ತುಂಬ ಹೆಂಗಸರು. ನುಸೈಬಾ ನಡುವೆ, ತಲೆ ತಗ್ಗಿಸಿ. ಫೌಜಿಯಾ ಅಮ್ಮ ದಫ್ ತೊಡೆಯ ಮೇಲಿಟ್ಟುಕೊಂಡು, "ತುಮೀಚ್ ಗಾವ್, ಗಂಗಾ. ನೀನೇ ಹಾಡು, ಇನ್ಯಾರಿಗೆ ಬರ್ತದ?" ಎಂದರು.

ನಾನು ಎಲ್ಲರೆದುರು ಹೇಳಿಬಿಟ್ಟೆ, ನನಗೆ ಎರಡೇ ನುಡಿ ಬರುವುದು, ಮೂರನೆಯದನ್ನು ಹಬ್ಬಾಬಾ ನನಗೆ ಕೊಡಲಿಲ್ಲ, ಕೊಡದಂತೆ ಮಾಡಿಕೊಂಡವಳೂ ನಾನೇ ಎಂದು. "ಬರೋದನ್ನ ಹಾಡು" ಎಂದರು ಫೌಜಿಯಾ ಅಮ್ಮ.

ಸಾಲೇಹ್ ಬಾಗಿಲಲ್ಲಿ ನಿಂತಿದ್ದ, ಕೈ ಕಟ್ಟಿಕೊಂಡು. ನನ್ನನ್ನು ನೋಡಿದ. ತಾನೇ ಬಾಗಿಲು ಎಳೆದುಕೊಂಡ, ನಾನು ಒಳಗಿನಿಂದ ಚಿಲಕ ಹಾಕಿದೆ.

ಹಾಡಿದೆ. ಮೈಕು ಇಲ್ಲದೆ ನನ್ನ ದನಿ ಎಷ್ಟು ಸಣ್ಣದು ಎಂದು ಇವತ್ತು ತಿಳಿಯಿತು. ಮೊದಲನೆಯ ನುಡಿಗೆ ಹೆಂಗಸರು ತೂಗತೊಡಗಿದರು, ಎರಡನೆಯದಕ್ಕೆ ಫೌಜಿಯಾ ಅಮ್ಮ ಅಳುತ್ತಲೇ ಬಡಿದರು. ಎರಡನೆಯದು ಮುಗಿಯಿತು. ನಾನು ಬಾಯಿ ಮುಚ್ಚಿದೆ.

"ಗಂಗಕ್ಕಾ, ಆ ವಿಡಿಯೋದಾಗಿಂದು ಹಾಡ್ರೀ, ಕನ್ನಡದ್ದು," ಎಂದಿತು ಹಿಂದೆ ಕೂತ ಒಂದು ಹುಡುಗಿ. "ಹೆಸರು ಬದಲು ಮಾಡಿದ್ರ ಆತಲ್ಲ."

ಆಗುತ್ತಿತ್ತು. ನುಸೈಬಾ ಎಂಬುದೂ ಆ ಮಟ್ಟಿಗೆ ಕೂರುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ತಲೆ ಅಲ್ಲಾಡಿಸಿದೆ.

ಫೌಜಿಯಾ ಅಮ್ಮ ದಫ್ ನಿಲ್ಲಿಸಲಿಲ್ಲ. ಅವರಿಗೆ ಆ ನುಡಿಯ ಬಡಿತವೆಲ್ಲ ಗೊತ್ತು, ಪದವೊಂದೇ ಗೊತ್ತಿಲ್ಲ. ಮೂರನೆಯ ನುಡಿ ಎಷ್ಟು ಉದ್ದವೋ ಅಷ್ಟನ್ನೂ ಬರಿದೇ ಬಡಿಯುತ್ತ ಹೋದರು. ಯಾರೂ ಹಾಡಲಿಲ್ಲ, ಯಾರೂ ಏಳಲಿಲ್ಲ. ಒಂದು ಕಡೆ ಬಡಿತ ತಡೆದು ನಿಂತಿತು. ಹೆಸರು ಬರುವ ಜಾಗ ಅದೇ ಎಂದು ಎಲ್ಲರಿಗೂ ತಿಳಿಯಿತು.

ನುಸೈಬಾ ತಲೆ ಎತ್ತಿದಳು. ಯಾರೂ ಕರೆಯಲಿಲ್ಲ ಎಂದು ಕಂಡು, ತನ್ನ ಹೆಸರನ್ನು ತಾನೇ ಹೇಳಿದಳು.